ಫೋನು ಬರುವ ಮುಂಚೆ ಮನೆಯವರಿಗೆ ಹೇಳಿ

(ನವೆಂಬರ್ ದತ್ತು ಜಾಗೃತಿ ಮಾಸದ ಅಂಗವಾಗಿ ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ದತ್ತು: ಒಂದು ಪುಣ್ಯಕಾರ್ಯ’ ಅಂತ ಅಚ್ಚಾಗಿದೆ. ಪುಣ್ಯದ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದರ ಜೊತೆ ನನಗೆ ಸ್ವಲ್ಪ ತಕರಾರಿದೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕಾರಾ, ಅಂದರೆ ದತ್ತು ವ್ಯವಸ್ಥೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಕಾಯುತ್ತಿರುವವರು, ಇಲ್ಲವೇ ಅಂಥವರ ಅಪ್ಪ ಅಮ್ಮ. ಹಾಗಾಗಿ ದತ್ತು ಅಂದರೇನು ಅಂತ ಶುರು ಮಾಡುವುದಿಲ್ಲ. ನನ್ನದು ಒಂದೇ ಪ್ರಶ್ನೆ: ಮನೆಯವರಿಗೆ ಹೇಳಿದ್ದೀರಾ? ಕೈ ಎತ್ತಿ ಅನ್ನುವುದಿಲ್ಲ, ಪಕ್ಕದಲ್ಲೇ ಅತ್ತೆ ಕೂತಿರಬಹುದು.

ಯಾಕೆ ಕೇಳಿದೆ ಅಂದರೆ, ಕಾಯುವುದು ವರ್ಷಗಟ್ಟಲೆ, ನಿರ್ಧಾರ ಮಾಡುವುದು 48 ಗಂಟೆಯಲ್ಲಿ. ಎರಡು ವರ್ಷದೊಳಗಿನ ಆರೋಗ್ಯವಂತ ಮಗು ಬೇಕು ಅಂತ ಬರೆಸಿದವರಿಗೆ ಮೂರು ವರ್ಷ ದಾಟುವುದು ಈಗ ಮಾಮೂಲು. ಆಮೇಲೆ ಒಂದು ದಿನ ಮೊಬೈಲಿಗೆ ಸಂದೇಶ ಬರುತ್ತದೆ. ಮಗುವಿನ ಫೋಟೊ, ಅಧ್ಯಯನ ವರದಿ, ವೈದ್ಯಕೀಯ ವರದಿ ಪೋರ್ಟಲ್‌ನಲ್ಲಿ ಕಾಣುತ್ತವೆ. 48 ಗಂಟೆಯೊಳಗೆ ಆ ಮಗುವನ್ನು ಕಾಯ್ದಿರಿಸಬೇಕು. ಆ ಎರಡು ದಿನದಲ್ಲಿ ಮಕ್ಕಳ ಡಾಕ್ಟರಿಗೆ ವರದಿ ತೋರಿಸಬೇಕು, ಗಂಡ ಹೆಂಡತಿ ಕೂತು ಮಾತಾಡಬೇಕು, ಉಳಿದ ಹೊತ್ತಿನಲ್ಲಿ ಹೊಟ್ಟೆಗೆ ಏನಾದರೂ ತಿನ್ನಬೇಕು. ಆಗ ಹೋಗಿ ಅಪ್ಪನಿಗೆ ‘ನಾವು ದತ್ತು ತಗೊಳ್ತಿದ್ದೀವಿ’ ಅಂತ ಮೊದಲ ಸಲ ಹೇಳಿದರೆ, ಆ 48 ಗಂಟೆ ಪೂರ್ತಿ ಅವರನ್ನು ಸಮಾಧಾನ ಮಾಡುವುದರಲ್ಲೇ ಕಳೆಯುತ್ತದೆ. ವರದಿ ಓದುವವರು ಯಾರು?

‘ಅನಾಥಾಲಯದ ತುಂಬ ಮಕ್ಕಳಿದ್ದಾರಲ್ಲ, ಇವರಿಗೆ ಮಾತ್ರ ಯಾಕೆ ತಡ?’ ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬಾಲಮಂದಿರಗಳಲ್ಲಿ ಇರುವ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ, ಅವರನ್ನು ದತ್ತು ಕೊಡಲು ಬರುವುದಿಲ್ಲ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಪೇಪರಿನಲ್ಲಿ ಫೋಟೊ ಹಾಕಿಸಿ, ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಮೇಲ್ಪಟ್ಟಿದ್ದರೆ ನಾಲ್ಕು ತಿಂಗಳು ಇದಕ್ಕೆ ಗಡುವು. ತಾಯಿಯೇ ಬಂದು ಒಪ್ಪಿಸಿದ ಮಗುವಾದರೆ, ಆಕೆಗೆ ಮನಸ್ಸು ಬದಲಿಸಲು 60 ದಿನ ಸಮಯವಿದೆ. ಆ 60 ದಿನವನ್ನು ಯಾರೂ ಕಡಿಮೆ ಮಾಡಬಾರದು, ನಿಮಗೆ ಎಷ್ಟೇ ಅವಸರವಿದ್ದರೂ. ಒಬ್ಬ ತಾಯಿ ಯೋಚನೆ ಮಾಡಲು ಕೊಟ್ಟ ಸಮಯ ಅದು.

ಈ ತಡ ತಾಳಲಾರದೆ ಕೆಲವರು ಅಡ್ಡದಾರಿ ಹುಡುಕುತ್ತಾರೆ. ಅಡ್ಡದಾರಿಯ ಬಾಗಿಲು ತೆರೆಯುವುದು ಗುಟ್ಟಿನಿಂದಲೇ, ಇದನ್ನು ಗಮನಿಸಿ. ಸೊಸೆ ಐದಾರು ತಿಂಗಳು ದೂರದ ಊರಲ್ಲಿ ಇದ್ದು, ಮಗು ಎತ್ತಿಕೊಂಡು ಬಂದು ‘ಹೆರಿಗೆ ಆಯಿತು’ ಅನ್ನುವ ನಾಟಕ ನಮ್ಮ ಕಡೆ ಹೊಸದಲ್ಲ. ಈ ನಾಟಕಕ್ಕೆ ಹುಟ್ಟಿದ ದಿನದ ಮಗು ಬೇಕು, ಸುಳ್ಳು ಜನನ ಪತ್ರ ಬೇಕು, ಎರಡನ್ನೂ ಕೊಡುವ ದಲ್ಲಾಳಿ ಬೇಕು. ಮಕ್ಕಳನ್ನು ಮಾರುವುದು, ಕೊಳ್ಳುವುದು ಎರಡೂ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನ ಪ್ರಕಾರ ಅಪರಾಧ, ಐದು ವರ್ಷದವರೆಗೆ ಕಠಿಣ ಸಜೆ. ಕಾನೂನು ದಾರಿಯಲ್ಲಿ ಗೃಹ ಅಧ್ಯಯನಕ್ಕೆ, ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುವುದಕ್ಕೆ, ಕೊಡಬೇಕಾದ್ದು 6,000 ರೂಪಾಯಿ. ಮುಂದಿನ ಶುಲ್ಕಗಳೂ ಪೋರ್ಟಲ್‌ನಲ್ಲೇ ಬರೆದಿವೆ. ಲಕ್ಷದ ಮಾತಾಡುವವರು ಬಂದರೆ ಎದ್ದು ಬನ್ನಿ. ಮನೆಯವರಿಗೆ ಮೊದಲೇ ಹೇಳಿದವರಿಗೆ ದಲ್ಲಾಳಿಯಿಂದ ಏನೂ ಆಗಬೇಕಾದ್ದಿಲ್ಲ, ಯಾಕಂದರೆ ಅವರಿಗೆ ನಾಟಕದ ಅಗತ್ಯವೇ ಇಲ್ಲ.

ನಾಟಕ ಅಂದೆ. ನಮ್ಮ ಹಳ್ಳಿಗಳ ದೊಡ್ಡಾಟದಲ್ಲಿ ಕರ್ಣನ ಪ್ರಸಂಗ ಬಂತೆಂದರೆ ಬೆಳಗಿನ ಜಾವದವರೆಗೆ ಒಬ್ಬರೂ ಏಳುವುದಿಲ್ಲ. ಕೃಷ್ಣ ಬಂದು ‘ನೀನು ಸೂತನ ಮಗ ಅಲ್ಲಪ್ಪಾ’ ಅಂತ ಹೇಳುವಾಗ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸುತ್ತಾರೆ. ನಾನು ಕೇಳುವುದು ಬೇರೆ. ಆ ಸತ್ಯ ಹೇಳಿದ್ದು ಯಾರು, ಯಾವಾಗ? ಹೇಳಿದವನು ಪಾಂಡವರ ಕಡೆಯವನು, ಹೇಳಿದ್ದು ಯುದ್ಧಕ್ಕೆ ಮುಂಚೆ. ಅವನಾದ ಮೇಲೆ ಕುಂತಿ ಬಂದಳು, ಅವಳೂ ಮಕ್ಕಳ ಪ್ರಾಣ ಕೇಳಲಿಕ್ಕೆ ಬಂದವಳು. ಗುಟ್ಟು ಹೊರಬೀಳುವುದು ಹೀಗೇ: ಅದರಿಂದ ಲಾಭ ಇರುವವರ ಬಾಯಿಂದ, ಅತ್ಯಂತ ಕೆಟ್ಟ ಗಳಿಗೆಯಲ್ಲಿ. ಚನ್ನಗಿರಿ ಕಡೆ ಅಡಿಕೆ ತೋಟ ಪಾಲಾಗುವಾಗ ದಾಯಾದಿ ‘ಇವನೇನು ನಮ್ಮ ರಕ್ತವಾ?’ ಅಂತ ಪಂಚಾಯ್ತಿಯಲ್ಲಿ ಕೇಳುತ್ತಾನೆ. ಇಪ್ಪತ್ತೈದು ವರ್ಷದ ಹುಡುಗ ಅದನ್ನು ಮೊದಲ ಸಲ ಕೇಳುವುದು ಅಲ್ಲಿ, ಹತ್ತು ಜನರ ಎದುರಿಗೆ. ಇಲ್ಲವೇ ಮದುವೆ ಮಾತುಕತೆಯಲ್ಲಿ ಬೀಗರ ಕಡೆಯವರು ತನಿಖೆ ಮಾಡಿ ತರುತ್ತಾರೆ.

ಆದರೆ ಪ್ರಸಂಗದಲ್ಲಿ ನಾವು ಮರೆಯುವ ಒಂದು ಜೋಡಿ ಇದೆ, ಅಧಿರಥ ಮತ್ತು ರಾಧೆ. ವ್ಯಾಸ ಭಾರತದ ಉದ್ಯೋಗ ಪರ್ವದಲ್ಲಿ ಕರ್ಣ ಕೃಷ್ಣನಿಗೆ ಕೊಡುವ ಉತ್ತರ ನೋಡ್ರಿ. ನನ್ನನ್ನು ಕಂಡ ಆ ದಿನವೇ ರಾಧೆಯ ಎದೆಯಲ್ಲಿ ಹಾಲು ಬಂತು, ನನ್ನ ಮಲಮೂತ್ರ ಬಳಿದಳು, ಅವಳ ಪಿಂಡವನ್ನು ನಾನು ಹೇಗೆ ತಪ್ಪಿಸಲಿ ಅನ್ನುತ್ತಾನೆ. ಅಧಿರಥ ಶಾಸ್ತ್ರಪ್ರಕಾರ ಜಾತಕರ್ಮ ಮಾಡಿಸಿದ, ಬ್ರಾಹ್ಮಣರಿಂದ ವಸುಷೇಣ ಅಂತ ಹೆಸರಿಡಿಸಿದ ಅನ್ನುತ್ತಾನೆ. ಮಲಮೂತ್ರ ಬಳಿದದ್ದು, ಹೆಸರಿಟ್ಟದ್ದು: ರಾಜ್ಯವೇ ಸಿಗುತ್ತದೆ ಅಂದಾಗಲೂ ಅವನ ಬಾಯಿಗೆ ಬಂದದ್ದು ಈ ಲೆಕ್ಕ. ‘ದತ್ತು ಮಗು ಕೊನೆಗೆ ಹೆತ್ತವರ ಹಿಂದೆ ಹೋಗುತ್ತೆ’ ಅನ್ನುವ ಅಜ್ಜಂದಿರಿಗೆ ನಾನು ಇದನ್ನೇ ಹೇಳುವುದು. ಅವರು ಆಟ ನೋಡಿ ಬೆಳೆದವರು, ಸುಮ್ಮನಾಗುತ್ತಾರೆ. ಒಂದು ಐದು ನಿಮಿಷ.

ಈಗ ದೇವರ ವಿಚಾರ. ಹರಕೆ ಹೊರಬೇಡಿ ಅಂತ ನಾನು ಹೇಳುವವನಲ್ಲ. ದುರ್ಗಮ್ಮನಿಗೆ ಉಡಿ ತುಂಬಿ, ನಾಯಕನಹಟ್ಟಿಗೆ ನಡೆದುಕೊಂಡು ಹೋಗಿ. ಆದರೆ ‘ಇನ್ನೊಂದು ಜಾತ್ರೆ ಆಗಲಿ, ಆಮೇಲೆ ನೋಂದಣಿ ಮಾಡಿಸೋಣ’ ಅನ್ನಬೇಡಿ. ವಯಸ್ಸನ್ನು ಲೆಕ್ಕ ಹಾಕುವುದು ನೋಂದಣಿ ದಿನಕ್ಕೆ. 2022ರ ದತ್ತು ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿಯ ಒಟ್ಟು ವಯಸ್ಸು 85 ಮೀರಬಾರದು, ಎರಡರಿಂದ ನಾಲ್ಕಕ್ಕೆ 90, ನಾಲ್ಕರಿಂದ ಎಂಟಕ್ಕೆ 100, ಎಂಟರ ಮೇಲೆ 110. ಒಂಟಿಯಾಗಿರುವವರಿಗೆ ಕ್ರಮವಾಗಿ 40, 45, 50, 55. ಅವನಿಗೆ 44, ಅವಳಿಗೆ 41 ಅಂದರೆ ಇವತ್ತು ಸರಿ. ಒಂದು ಯುಗಾದಿ ಕಳೆದರೆ 87. ದುರ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಹರಕೆ ಅದರ ಪಾಡಿಗೆ ನಡೆಯಲಿ, ಅರ್ಜಿ ಅದರ ಪಾಡಿಗೆ.

ಜಾತಕ ಕೇಳುವವರಿದ್ದಾರೆ. ಪರಿತ್ಯಕ್ತ ಮಗುವಿನ ಜನ್ಮದಿನವನ್ನು ಎಷ್ಟೋ ಸಲ ವೈದ್ಯರು ಅಂದಾಜಿನಲ್ಲಿ ಬರೆದಿರುತ್ತಾರೆ, ನಕ್ಷತ್ರ ಎಲ್ಲಿಂದ ತರುವುದು? ಜಾತಿ ಆರಿಸಿಕೊಳ್ಳುವ ಕಾಲಂ ಪೋರ್ಟಲ್‌ನಲ್ಲಿ ಇಲ್ಲ, ಹುಡುಕಬೇಡಿ. ದತ್ತಹೋಮ ಆಗದಿದ್ದರೆ ದತ್ತಕ ಸಿಂಧುವಲ್ಲ ಅನ್ನುವ ಪುರೋಹಿತರಿಗೆ 1956ರ ಹಿಂದೂ ದತ್ತಕ ಕಾಯ್ದೆಯನ್ನೇ ತೋರಿಸಿ, ದತ್ತಹೋಮ ಕಡ್ಡಾಯವಲ್ಲ ಅಂತ 11ನೇ ಕಲಮಿನಲ್ಲೇ ಇದೆ. ಮಾಡಿಸಿದರೆ ಸಂತೋಷ, ಮಾಡಿಸದಿದ್ದರೆ ನಷ್ಟವಿಲ್ಲ. ಬಾಲನ್ಯಾಯ ಕಾಯ್ದೆಯಡಿ ಈಗ, ಅಂದರೆ 2022ರ ಸೆಪ್ಟೆಂಬರಿನಿಂದ, ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಕೋರ್ಟಿಗೆ ಅಲೆಯುವುದು ತಪ್ಪಿತು. ಆ ಆದೇಶ ಬಂದ ಮೇಲೆ ಮಗುವಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಎಲ್ಲ ಹಕ್ಕೂ ಇದೆ, ಅಡಿಕೆ ತೋಟವೂ ಸೇರಿ.

ಕಾಗದದ ಕೆಲಸ ಬೇಗ ಮುಗಿಸುತ್ತೇನೆ. ನೋಂದಣಿಯಾದ 30 ದಿನದಲ್ಲಿ ದಾಖಲೆ ಹಾಕಬೇಕು. ಎಡವುವುದು ಎರಡು ಕಡೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪ್ಯಾನ್‌ನಲ್ಲಿ ಇನಿಷಿಯಲ್ ಮಾತ್ರ. ಸಾಮೂಹಿಕ ವಿವಾಹದಲ್ಲಿ ಮದುವೆಯಾದವರು ಮಠದ ಫೋಟೊ ತರುತ್ತಾರೆ, ಉಪನೋಂದಣಿ ಕಚೇರಿಯ ಪತ್ರ ಇರುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಎಡವಟ್ಟು ಸೈಬರ್ ಸೆಂಟರ್‌ನದು. ಅರ್ಜಿ ತುಂಬಿದ ಹುಡುಗ ತನ್ನದೇ ಇಮೇಲ್, ಕೆಲವೊಮ್ಮೆ ತನ್ನದೇ ಮೊಬೈಲ್ ನಂಬರ್ ಹಾಕಿರುತ್ತಾನೆ. ಮೂರು ವರ್ಷ ಕಾದ ಸಂದೇಶ ಜೆರಾಕ್ಸ್ ಅಂಗಡಿಯವನಿಗೆ ಹೋಗುತ್ತದೆ! ಇವತ್ತೇ ಲಾಗಿನ್ ಆಗಿ ನೋಡಿಕೊಳ್ಳಿ.

ಗೃಹ ಅಧ್ಯಯನಕ್ಕೆ ಸಮಾಜ ಕಾರ್ಯಕರ್ತರು ಬರುತ್ತಾರೆ ಅಂತ ಮನೆಗೆ ಸುಣ್ಣ ಹೊಡೆಸಿ, ಬೆಣ್ಣೆ ದೋಸೆ ಪಾರ್ಸಲ್ ತರಿಸುವವರಿದ್ದಾರೆ. ದೋಸೆಗೆ ಅಂಕ ಇಲ್ಲ. ಅವರು ನೋಡುವುದು ಅಜ್ಜ ಅಜ್ಜಿ ಏನನ್ನುತ್ತಾರೆ, ದಂಪತಿಯನ್ನು ಬೇರೆ ಬೇರೆ ಕೂರಿಸಿ ಕೇಳಿದರೆ ಇಬ್ಬರೂ ಒಂದೇ ಮಾತಾಡುತ್ತಾರಾ ಅಂತ. ಅಜ್ಜಿಯನ್ನು ಆ ದಿನ ಮಗಳ ಮನೆಗೆ ಕಳಿಸಿದರೆ ಅದೇ ವರದಿಯಲ್ಲಿ ಬರುತ್ತದೆ. ಮತ್ತೆ ಅದೇ ಮಾತು, ಮನೆಯವರಿಗೆ ಹೇಳಿ.

ವೈದ್ಯಕೀಯ ವರದಿಯಲ್ಲಿ ತೂಕ, ಎತ್ತರ, ತಲೆಯ ಸುತ್ತಳತೆ, ಎಚ್‌ಐವಿ, ಹೆಪಟೈಟಿಸ್ ಬಿ ಫಲಿತಾಂಶ ಇರುತ್ತವೆ. ತೂಕ ಸ್ವಲ್ಪ ಕಡಿಮೆ ಇದ್ದರೆ ಗಾಬರಿ ಬೇಡ, ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಅದು ಸಾಮಾನ್ಯ, ಮನೆಗೆ ಬಂದ ಮೇಲೆ ಸುಧಾರಿಸುತ್ತದೆ. ತಲೆಯ ಸುತ್ತಳತೆ ಹಿಂದಿನ ತಿಂಗಳುಗಳಲ್ಲಿ ಎಷ್ಟಿತ್ತು, ಕತ್ತು ನಿಂತದ್ದು ಯಾವಾಗ, ಕೂತದ್ದು ಯಾವಾಗ ಅಂತ ಕೇಳಿ. ಮೆಡಿಕಲ್ ಕಾಲೇಜುಗಳ ಊರು ನಮ್ಮದು, ಮಕ್ಕಳ ಡಾಕ್ಟರಿಗೆ ಬರವಿಲ್ಲ. ಈಗಲೇ ಒಬ್ಬರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ, ‘ಒಂದು ದಿನ ಹೀಗೆ ಫೋನು ಮಾಡುತ್ತೇವೆ’ ಅಂತ.

ಮಗು ಮನೆಗೆ ಬಂದ ಮೊದಲ ವಾರಗಳು. ಇದಕ್ಕೇ ನಾನು ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಿತ್ತು, ಕರ್ಣ ತಿಂದುಬಿಟ್ಟ. ಸಂಸ್ಥೆಯಿಂದ ಹೊರಡುವಾಗ ಆಯಾ ಅವರನ್ನು ಕೇಳಿ ಬರೆದುಕೊಳ್ಳಿ: ಯಾವ ಹಾಲಿನ ಪುಡಿ, ಎಷ್ಟು ನೀರಿಗೆ ಎಷ್ಟು ಚಮಚ, ಯಾವ ಹೊತ್ತಿಗೆ, ದೀಪ ಹಾಕಿ ಮಲಗಿಸುತ್ತಿದ್ದಿರಾ ಆರಿಸಿಯಾ. ಮಗು ಹೊದೆಯುತ್ತಿದ್ದ ಬಟ್ಟೆ ಕೊಟ್ಟರೆ ಒಗೆಯದೆ ಹಾಗೇ ತನ್ನಿ, ಆ ವಾಸನೆ ಬೇಕು ಅದಕ್ಕೆ. ಪುಡಿ ಬದಲಿಸಲೇಬೇಕಾದರೆ ಕಾಲುಭಾಗದಿಂದ ಶುರು ಮಾಡಿ, ಎರಡು ಮೂರು ದಿನ ಹೊಟ್ಟೆ ನೋಡಿಕೊಂಡು ಏರಿಸಿ. ವರ್ಷ ತುಂಬದ ಮಗುವಿಗೆ ಕುಡಿಯಲು ಹಸುವಿನ ಹಾಲು ಬೇಡ, ಜೇನು ನೆಕ್ಕಿಸುವ ಶಾಸ್ತ್ರವೂ ಬೇಡ.

ಮಗು ಎಲ್ಲರ ತೋಳಿಗೂ ಹೋಗುತ್ತದೆ. ‘ಎಷ್ಟು ಬೇಗ ಹೊಂದಿಕೊಂಡಿತು!’ ಅಂತ ಅಜ್ಜಿಗೆ ಖುಷಿ. ಹೊಂದಿಕೊಂಡಿಲ್ಲ ಅಜ್ಜಿ, ಪಾಳಿಗೊಬ್ಬರು ನೋಡಿಕೊಂಡ ಮಗು ಅದು, ಯಾರು ತನ್ನವರು ಅಂತ ಇನ್ನೂ ಗೊತ್ತಾಗಿಲ್ಲ. ರಾತ್ರಿ ಎದ್ದರೂ ಅಳುವುದಿಲ್ಲ, ಸುಮ್ಮನೆ ಕಣ್ಣು ಬಿಟ್ಟು ಮಲಗಿರುತ್ತದೆ, ಅತ್ತರೆ ಯಾರೋ ಬರುತ್ತಾರೆ ಅನ್ನುವ ರೂಢಿ ಇಲ್ಲ ಅದಕ್ಕೆ. ಕೆಲವು ವಾರದ ಮೇಲೆ ಅಳಲಿಕ್ಕೆ ಶುರು ಮಾಡಿದರೆ ಸಂತೋಷಪಡಿ. ಅಲ್ಲಿಯವರೆಗೆ ಊಟ, ಸ್ನಾನ, ನಿದ್ದೆ ಮೂರನ್ನೂ ಅಪ್ಪ ಅಮ್ಮ ಮಾತ್ರ ಮಾಡಿಸಬೇಕು. ಅಜ್ಜಿಯ ಕೆಲಸ ಅಡಿಗೆ, ಲಂಗೋಟಿ, ಮತ್ತೆ ಗೇಟಿನಲ್ಲಿ ನಿಂತು ನೆಂಟರನ್ನು ಹಿಂದಕ್ಕೆ ಕಳಿಸುವುದು. ತೊಟ್ಟಿಲು ಶಾಸ್ತ್ರ, ಜವಳ ಎಲ್ಲ ಎರಡು ಮೂರು ತಿಂಗಳು ಆಮೇಲೆ. ಗೊತ್ತಿಲ್ಲದ ನೂರು ಮುಖ, ತಲೆ ಮೇಲೆ ಕತ್ತಿ, ಮೊದಲ ವಾರದಲ್ಲಿ ಆ ಮಗು ತಡೆಯುವುದಿಲ್ಲ. ಆಗ ಅಜ್ಜಿಗೆ ಬೇಸರವಾಗುತ್ತದೆ. ಇದನ್ನು ಕಾಯುವ ಕಾಲದಲ್ಲೇ ಒಪ್ಪಿಸಿರಬೇಕು ಅನ್ನುವುದು ಅದಕ್ಕೇ.

ನಾಲ್ಕೈದು ವರ್ಷದ ಮಗುವಾದರೆ ದಿಂಬಿನ ಕೆಳಗೆ ರೊಟ್ಟಿ ತುಂಡು ಸಿಗುತ್ತದೆ, ಇರುವೆ ಮುತ್ತಿ. ಬೈಯಬೇಡಿ, ‘ನಮ್ಮ ಮನೇಲಿ ಏನು ಕಡಿಮೆ’ ಅಂತ ಭಾಷಣ ಬೇಡ. ಕೈಗೆಟುಕುವ ಕಡೆ ಮುಚ್ಚಳದ ಡಬ್ಬಿಯಲ್ಲಿ ಮಂಡಕ್ಕಿ ಇಟ್ಟು, ‘ಇದು ನಿಂದು, ಯಾವಾಗ ಬೇಕಾದರೂ ತಿನ್ನು’ ಅನ್ನಿ. ಖಾಲಿಯಾದ ಕೂಡಲೇ ತುಂಬಿಸಿ. ಬಚ್ಚಿಡುವುದು ತಾನಾಗೇ ಕಡಿಮೆಯಾಗುತ್ತದೆ, ತಿಂಗಳುಗಳು ಹಿಡಿಯಬಹುದು.

ಚೀಟಿ ಬಂತು, ಐದು ನಿಮಿಷ ಅಂತೆ. ಪುಣ್ಯದ ಜಗಳ ಬಾಕಿ ಇದೆ. ‘ಪುಣ್ಯ ಕಟ್ಟಿಕೊಂಡಿರಿ’ ಅಂತ ಮಗುವಿನ ಎದುರಿಗೆ ಯಾರಾದರೂ ಅಂದರೆ ಅಲ್ಲೇ ತಡೆಯಿರಿ. ಆ ಮಾತು ಕೇಳಿ ಬೆಳೆದ ಮಗು ಜೀವನಪೂರ್ತಿ ಸಾಲಗಾರನ ಥರ ನಡೆದುಕೊಳ್ಳುತ್ತದೆ. ನಿಮಗೆ ಮಗು ಬೇಕಿತ್ತು, ತಂದಿರಿ, ಅಷ್ಟೇ. ಮಗುವಿಗೆ ಯಾವಾಗ ಹೇಳುವುದು ಅಂತ ಕೇಳುತ್ತೀರಿ, ಅರ್ಥವಾಗುವ ಮುಂಚೆಯೇ. ಎತ್ತಿ ಆಡಿಸುವಾಗಲೇ, ‘ನಿನ್ನನ್ನು ಕರಕೊಂಡು ಬರೋಕೆ ನಾವು ರೈಲಲ್ಲಿ ಬಂದ್ವಿ’ ಅಂತ ಕಥೆ ಶುರುವಾಗಲಿ. ಆ ದಿನದ ಫೋಟೊ, ಟಿಕೆಟ್ ಒಂದು ಆಲ್ಬಮ್‌ನಲ್ಲಿ ಇಡಿ. ಆದರೆ ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಅನ್ನುವುದು ಪಕ್ಕದ ಮನೆಯವರಿಗೆ ಬೇಡ. ಅದನ್ನು ಮಗು ದೊಡ್ಡದಾದ ಮೇಲೆ ತಾನೇ ಯಾರಿಗೆ ಬೇಕೋ ಅವರಿಗೆ ಹೇಳಿಕೊಳ್ಳಲಿ. ಹದಿನೆಂಟು ತುಂಬಿದ ಮೇಲೆ ಬೇರು ಹುಡುಕಲು ತಾನೇ ಅರ್ಜಿ ಹಾಕುವ ಹಕ್ಕೂ ಅದಕ್ಕಿದೆ.

ವಿಶೇಷ ಅಗತ್ಯದ ಮಕ್ಕಳ ಬಗ್ಗೆ, ಪೋಷಕತ್ವದ ಬಗ್ಗೆ ಬರೆದುಕೊಂಡು ಬಂದಿದ್ದ ಹಾಳೆ ಹಾಗೇ ಉಳಿಯಿತು, ಚಹಾ ಹೊತ್ತಿನಲ್ಲಿ ಕೇಳಿ. ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬರುತ್ತಾರೆ. ತನಿಖೆ ಅಂತ ಹೆದರಬೇಡಿ, ಕಷ್ಟ ಇದ್ದರೆ ಅವರ ಹತ್ತಿರವೇ ಹೇಳಿ. ಇನ್ನೊಂದು: ಗೃಹ ಅಧ್ಯಯನ ವರದಿಗೆ ಮೂರು ವರ್ಷ ಮಾತ್ರ ಆಯುಷ್ಯ. ಯಾರದು ಎರಡೂವರೆ ವರ್ಷ ದಾಟಿದೆಯೋ ಅವರು ಊಟಕ್ಕೆ ಏಳುವ ಮುಂಚೆ ಎಡಗಡೆ ಟೇಬಲ್ ಹತ್ತಿರ ಬನ್ನಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಕೂತಿದ್ದಾರೆ. ನೋಂದಣಿ ಸಂಖ್ಯೆ ಮೊಬೈಲ್‌ನಲ್ಲಿ ತೆಗೆದು ಇಟ್ಟುಕೊಂಡೇ ಬನ್ನಿ, ಸಾಲು ಬೇಗ ಸಾಗುತ್ತದೆ. ನಮಸ್ಕಾರ.