ಅರ್ಜುನನ ಬಾಣ, ರಾಕ್ಷಸನ ತಲೆ

ಕೇಳುಗರಿಗೆ ನಮಸ್ಕಾರ.

ತಾಳಮದ್ದಳೆಯಲ್ಲಿ ಕರ್ಣ ಮಾತಿಗೆ ಕುಳಿತರೆ ಬೆಳಗಾದರೂ ಸಾಯುವುದಿಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿ ಎಂಬ ಗಣಿತಗ್ರಂಥದಲ್ಲಿ ಅವನು ಒಂದೇ ಶ್ಲೋಕದಲ್ಲಿ ಸಾಯುತ್ತಾನೆ, ಅದೂ ಲೆಕ್ಕಕ್ಕಾಗಿ. ಅರ್ಜುನ ಒಂದಷ್ಟು ಬಾಣ ತೆಗೆದುಕೊಂಡ. ಅರ್ಧದಿಂದ ಕರ್ಣನ ಬಾಣಗಳನ್ನು ತಡೆದ. ಒಟ್ಟು ಬಾಣಗಳ ವರ್ಗಮೂಲದ ನಾಲ್ಕರಷ್ಟರಿಂದ ಕುದುರೆಗಳನ್ನು ಕೆಡವಿದ. ಆರು ಶಲ್ಯನಿಗೆ, ಕೊಡೆ, ಬಾವುಟ, ಬಿಲ್ಲಿಗೆ ಮೂರು, ತಲೆಗೆ ಒಂದು. ಬಾಣಗಳೆಷ್ಟು?

ನೂರು. ಐವತ್ತು, ನಲವತ್ತು, ಹತ್ತು. ತಾಳೆ ನೋಡಿಕೊಳ್ಳಿ.

ನನಗೆ ನಗು ಬರುವುದು ಆ ವರ್ಗಮೂಲದ ಹತ್ತಿರ. ಸುತ್ತ ಆನೆಗಳು ಘೀಳಿಡುತ್ತಿವೆ, ಈ ಮಹಾಶಯ ಬತ್ತಳಿಕೆಯೊಳಗೆ ಕೈಯಿಟ್ಟು ಮೂಲ ತೆಗೆಯುತ್ತಿದ್ದಾನೆ! ಅದೇ ಗ್ರಂಥದಲ್ಲಿ ಒಂಬತ್ತು ಮೊಳದ ಕಂಬದ ಮೇಲೊಂದು ನವಿಲು ಕೂತಿದೆ. ಬುಡದಲ್ಲಿ ಹಾವಿನ ಬಿಲ. ಇಪ್ಪತ್ತೇಳು ಮೊಳ ದೂರದಿಂದ ಹಾವು ಬಿಲದತ್ತ ಬರುತ್ತಿದೆ, ನವಿಲು ಓರೆಯಾಗಿ ಎರಗುತ್ತದೆ. ಇಬ್ಬರೂ ಸಮಾನ ದೂರ ಕ್ರಮಿಸಿ, ಬಿಲಕ್ಕೆ ಹನ್ನೆರಡು ಮೊಳ ಇರುವಾಗ ಸಂಧಿಸುತ್ತಾರೆ. ಹಾವಿನಷ್ಟೇ ವೇಗದಲ್ಲಿ ನವಿಲು ಹಾರಿತೇ ಎಂದು ಕೇಳಬೇಡಿ. ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ಒಂದು ಲೆಕ್ಕದಲ್ಲಿ ಇಪ್ಪತ್ತಮೂರು ದಾರಿಹೋಕರಿಗೆ ಬಾಳೆಹಣ್ಣು ಹಂಚಿದ್ದಾರೆ. ಕಡಿಮೆಯೆಂದರೂ ತಲೆಗೆ ಹದಿನಾಲ್ಕು ಬರುತ್ತದೆ. ಹೊಟ್ಟೆಯ ಗತಿ ಲೆಕ್ಕಕ್ಕೆ ಸೇರಿದ್ದಲ್ಲ.

ಮಕ್ಕಳಿಗಾಗಿ ಒಂದು ರಾಕ್ಷಸರ ಚಿತ್ರಕಥೆ ಬರೆಯಲು ಕುಳಿತಾಗ ನನಗೆ ಇವೆಲ್ಲ ಕೈಹಿಡಿದವು. ಮಾಯಾಲೋಕದ ಕಥೆಯಲ್ಲಿ ಏನು ಬೇಕಾದರೂ ನಡೆಯುತ್ತದೆ, ಹಾಗಾಗಿ ಯಾವುದಕ್ಕೂ ಅಚ್ಚರಿಯಿಲ್ಲ. ಲೆಕ್ಕ ಬಂದ ಕೂಡಲೇ ಅಲ್ಲಿ ಒಬ್ಬ ನಿಷ್ಠುರ ಗುಮಾಸ್ತ ಬಂದು ಕುಳಿತಂತೆ. ಲೆಕ್ಕ ಮಾತ್ರ ಸರಿಯಾಗಿರಬೇಕು. ಮೊದಲ ಕರಡಿನಲ್ಲಿ ನಾನು ಬಾಯಿಗೆ ಬಂದ ಸಂಖ್ಯೆ ಹಾಕಿದ್ದೆ. ಓದಿದ ಹುಡುಗಿಯೊಬ್ಬಳು ನಗಲಿಲ್ಲ, ಪೆನ್ಸಿಲ್ ಹಿಡಿದು ತಿದ್ದಿದಳು.

ತಿದ್ದಿದ ಪುಟ ಹೀಗಿದೆ. ಹತ್ತು ತಲೆಯ ರಾಕ್ಷಸ ಸೇತುವೆಗೆ ಅಡ್ಡ ನಿಂತಿದ್ದಾನೆ. ಒಂದು ಏಟಿಗೆ ಎರಡು ತಲೆ ಉರುಳುತ್ತವೆ. ಉಳಿದ ತಲೆಗಳು ಮಂತ್ರ ಹೇಳಿದರೆ ಒಂದು ಮತ್ತೆ ಚಿಗುರುತ್ತದೆ. ರಾಜಕುಮಾರ ಬೆರಳು ಮಡಚುತ್ತಾ, "ಏಟಿಗೆ ಒಂದು ಕಡಿಮೆ. ಹತ್ತು ಏಟು ಬೇಕು. ನನ್ನ ಕತ್ತಿ ಒಂಬತ್ತಕ್ಕೇ ಮೊಂಡಾಗುತ್ತದೆ" ಎಂದು ಹಿಂದೆ ಸರಿಯುತ್ತಾನೆ.

ರಾಕ್ಷಸನ ಒಂಬತ್ತು ತಲೆಗಳು ಗಹಗಹಿಸಿ ನಗುತ್ತವೆ. ಹತ್ತನೆಯದು ಹಿಂದಿನ ಜನ್ಮದಲ್ಲಿ ಗಣಿತದ ಮೇಷ್ಟ್ರು. ತಪ್ಪು ಉತ್ತರ ಕೇಳಿ ಸುಮ್ಮನಿರಲು ಅದಕ್ಕಾಗದು.

"ಅಲ್ಲಪ್ಪಾ, ಎಂಟು ಏಟಿಗೆ ಎರಡೇ ತಲೆ ಉಳಿಯುತ್ತವೆ. ಒಂಬತ್ತನೆಯದಕ್ಕೆ ಎರಡೂ ಹೋದ ಮೇಲೆ ಮಂತ್ರ ಹೇಳುವವರು ಯಾರು?"

ಮುಂದಿನ ಚೌಕದಲ್ಲಿ ಮಾತಿಲ್ಲ. ಒಂಬತ್ತು ತಲೆಗಳು ಒಟ್ಟಿಗೆ ಹತ್ತನೆಯದರ ಕಡೆ ತಿರುಗಿ ನೋಡುತ್ತಿವೆ.

ನಮಸ್ಕಾರ.