ಗದ್ದೆಗೆ ನೀರು ಯಾವಾಗ, ಕೋಳಿಗೆ ಕಾಳು ಯಾವಾಗ

ಎಲ್ಲರಿಗೂ ನಮಸ್ಕಾರ. ಹೊಲದಿಂದ ಈಗಷ್ಟೇ ಬಂದು ಕೈಕಾಲು ತೊಳೆದು ಕೂತಿರುವವರಿಗೂ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡಿರುವವರಿಗೂ.

ಸಂಶೋಧನೆ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಹೊಸ ಬೀಜ, ಹೊಸ ಔಷಧಿ, ಹೊಸ ಯಂತ್ರ. ಅಂದರೆ ಏನೋ ಒಂದನ್ನು ದುಡ್ಡು ಕೊಟ್ಟು ತರಬೇಕು. ಇವತ್ತು ನಾನು ಹೇಳುವುದರಲ್ಲಿ ಕೊಳ್ಳುವ ಬಾಬತ್ತು ತುಂಬಾ ಕಡಿಮೆ. ಒಂದು ತುಂಡು ಪೈಪು, ಮನೆಯಲ್ಲಿರುವ ಗಡಿಯಾರ, ಅಷ್ಟು ಸಾಕು. ಗದ್ದೆಗೆ ನೀರು ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು, ಕೋಳಿಗೆ ಯಾವ ಹೊತ್ತಲ್ಲಿ ಕಾಳು ಹಾಕಬೇಕು, ಇಷ್ಟನ್ನು ತಿಳಿಯಲು ವಿಜ್ಞಾನಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದು ನಮ್ಮ ಊರಿನ ಬದುವಿನ ತನಕ ಬಂದಿಲ್ಲ ಅನ್ನುವುದು ನನ್ನ ಸಂಕಟ.

ಮೊದಲು ಗದ್ದೆ. ಭತ್ತ ನೀರಿನ ಗಿಡ ಅಂತ ನಂಬಿಕೊಂಡು ಬಂದವರು ನಾವು. ಗದ್ದೆಯಲ್ಲಿ ನೀರು ಮಿನುಗದಿದ್ದರೆ ನಮ್ಮಪ್ಪನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಟಾರ್ಚು ಹಿಡಿದು ಮತ್ತೆ ಹೋಗುತ್ತಿದ್ದರು. ಆದರೆ ಭತ್ತ ನೀರನ್ನು ತಡೆದುಕೊಳ್ಳುವ ಗಿಡ. ಯಾವಾಗಲೂ ನಿಂತ ನೀರೇ ಬೇಕು ಅಂತ ಅದು ಕೇಳುವುದಿಲ್ಲ. ನೀರು ನಿಲ್ಲಿಸುವುದರಿಂದ ಆಗುವ ದೊಡ್ಡ ಉಪಕಾರ ಕಳೆ ಏಳದಿರುವುದು. ಬೇರಿಗೆ ಬೇಕಾಗಿರುವುದು ತೇವ. ಒಂದು ಕಿಲೋ ಭತ್ತ ಬೆಳೆಯಲು ಸರಾಸರಿ 2,500 ಲೀಟರ್ ನೀರು ಹೋಗುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಅದರಲ್ಲಿ ಎಷ್ಟೋ ಪಾಲು ಸುಮ್ನೆ ಕೆಳಗೆ ಇಂಗಿ, ಬದು ಸೋರಿ ಹೋಗುವುದು.

ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ, 1960ರಲ್ಲಿ ಶುರುವಾಗಿದ್ದು. ಅಲ್ಲಿನವರು ರೈತರಿಗೆ ಹೇಳಿಕೊಟ್ಟ ಒಂದು ಉಪಾಯ ನನಗೆ ತುಂಬಾ ಇಷ್ಟ. ಒಂದಡಿ ಉದ್ದದ ಪಿವಿಸಿ ಪೈಪು ತಗೊಳ್ಳಿ, ಕೈ ಒಳಗೆ ಹೋಗುವಷ್ಟು ಅಗಲದ್ದು. ಅದರ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹೊಡೆಯಿರಿ. ತೂತಿನ ಭಾಗ ಮಣ್ಣಿನೊಳಗೆ, ಉಳಿದದ್ದು ಮೇಲೆ ಇರುವ ಹಾಗೆ ಗದ್ದೆಯಲ್ಲಿ ಊರಿ. ಒಳಗಿನ ಕೆಸರನ್ನು ತಳದವರೆಗೆ ಬಗೆದು ತೆಗೆಯಿರಿ. ಈಗ ಪೈಪಿನೊಳಗೆ ಕಾಣುವ ನೀರು ನಿಮ್ಮ ಗದ್ದೆಯ ಹೊಟ್ಟೆಯೊಳಗಿನ ನೀರು. ಮೇಲೆ ನೆಲ ಒಣಗಿ ಸಣ್ಣಗೆ ಬಿರುಕು ಬಿಟ್ಟಿರುತ್ತದೆ, ಆದರೆ ಪೈಪಿನಲ್ಲಿ ಬಗ್ಗಿ ನೋಡಿದರೆ ಐದಾರು ಬೆರಳು ಕೆಳಗೆ ನೀರು ಇದ್ದೇ ಇರುತ್ತದೆ. ಬೇರು ಅಲ್ಲಿಂದ ಕುಡಿಯುತ್ತಾ ಇರುತ್ತದೆ. ಆ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿಯುವ ತನಕ ಸುಮ್ಮನಿರಿ. ಇಳಿದ ಮೇಲೆ 5 ಸೆಂಟಿಮೀಟರ್ ನಿಲ್ಲುವಷ್ಟು ನೀರು ಕಟ್ಟಿ. ಮತ್ತೆ ಅಷ್ಟೇ ಕೆಳಗೆ ಇಳಿಯುವ ತನಕ ಹಾಗೇ ಬಿಡಿ.

ಇದನ್ನು ನಾಟಿಯಾದ ಒಂದೆರಡು ವಾರದ ಮೇಲೆ ಶುರು ಮಾಡಬೇಕು. ಕಳೆ ಜಾಸ್ತಿ ಇರುವ ಗದ್ದೆಯಾದರೆ ಇನ್ನೂ ಒಂದು ವಾರ ತಡೆಯಿರಿ. ಒಂದು ವಿಷಯ ಮಾತ್ರ ಮರೆಯಬೇಡಿ, ತೆನೆ ಹೊರಡುವ ಹೊತ್ತಿಗೆ, ಅಂದರೆ ಹೂವಿಗೆ ಒಂದು ವಾರ ಮುಂಚಿನಿಂದ ಒಂದು ವಾರ ಆಮೇಲಿನ ತನಕ, ಗದ್ದೆಯಲ್ಲಿ ನೀರು ನಿಂತಿರಲೇಬೇಕು, ಆಗ ಒಣಗಿಸಿದರೆ ಕಾಳು ಜೊಳ್ಳಾಗುತ್ತದೆ. ಯೂರಿಯಾ ಹಾಕುವುದಿದ್ದರೆ ನೆಲ ಆರಿದ್ದಾಗ ಹಾಕಿ, ಹಿಂದೆಯೇ ನೀರು ಕಟ್ಟಿ. ಇಷ್ಟು ಮಾಡಿದರೆ ಇಳುವರಿ ಕಮ್ಮಿಯಾಗದೆ ನೀರಿನಲ್ಲಿ ನೂರಕ್ಕೆ 30ರ ತನಕ ಉಳಿಯುತ್ತದೆ ಅನ್ನುವುದು ಹಲವು ದೇಶಗಳ ಗದ್ದೆಗಳಲ್ಲಿ ಕಂಡಿರುವುದು. ಇನ್ನೊಂದು ಲಾಭವೂ ಇದೆ. ಸದಾ ನೀರು ನಿಂತ ಕೆಸರಿಗೆ ಗಾಳಿ ತಾಗುವುದಿಲ್ಲ, ಅಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ, ಭೂಮಿ ಬಿಸಿಯಾಗುವುದಕ್ಕೆ ಅದೂ ಒಂದು ಕಾರಣ. ಗದ್ದೆ ನಡುನಡುವೆ ಆರಿದರೆ ಆ ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇಷ್ಟು ಒಳ್ಳೆಯದಾಗಿದ್ದರೆ ಎಲ್ಲರೂ ಯಾಕೆ ಮಾಡುತ್ತಿಲ್ಲ, ಅಲ್ವಾ? ಬಾಂಗ್ಲಾದೇಶದಲ್ಲಿ ಇದನ್ನೇ 400 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. ಸಿಕ್ಕ ಉತ್ತರ ನನ್ನನ್ನು ಯೋಚನೆಗೆ ಹಚ್ಚಿತು. ಬಳಸಿದಷ್ಟು ನೀರಿಗೆ ದುಡ್ಡು ಕೊಡುವ ರೈತರು ಪೈಪು ನೋಡಿ ನೀರು ಉಳಿಸಿದರು. ಎಕರೆಗೆ ಇಷ್ಟು ಅಂತ ಇಡೀ ಬೆಳೆಗೆ ಒಂದೇ ಸಲ ದುಡ್ಡು ಕಟ್ಟುವ ರೈತರು ಪೈಪು ಊರಿದರೂ ನೀರು ಉಳಿಸಲಿಲ್ಲ. ತಪ್ಪು ಅವರದ್ದಲ್ಲ. ಉಳಿಸಿದರೆ ಅವರ ಕೈಗೆ ಏನೂ ಬರುತ್ತಿರಲಿಲ್ಲ.

ನಮ್ಮಲ್ಲೂ ನೋಡಿ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ತ್ರೀ ಫೇಸ್ ಯಾವಾಗ ಬರುತ್ತದೋ ಆಗ ಮೋಟರ್ ಓಡಲಿ ಅಂತ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ರಾತ್ರಿ ಎರಡು ಗಂಟೆಗೆ ಗದ್ದೆಗೆ ನೀರು ಬೇಕೋ ಬೇಡವೋ, ನೋಡುವವರು ಯಾರೂ ಇಲ್ಲ. ನಾನು ಉಚಿತ ಕರೆಂಟಿನ ವಿರೋಧಿ ಅಲ್ಲ, ಅದಿಲ್ಲದೆ ಎಷ್ಟೋ ಮನೆಗಳ ಒಲೆ ಉರಿಯುವುದಿಲ್ಲ. ಆದರೆ ಬೋರ್‌ವೆಲ್ ಇದ್ದವರಿಗೆ ಒಂದು ಮಾತು: ಕರೆಂಟಿಗೆ ಬಿಲ್ ಬರದಿದ್ದರೂ ಕೊಳವೆಬಾವಿಯೊಳಗಿನ ನೀರಿಗೆ ಬಿಲ್ ಇದೆ. ಅದು ಬತ್ತಿದ ದಿನ ಇನ್ನೊಂದು ಕೊರೆಸುವ ಸಾಲದ ರೂಪದಲ್ಲಿ ಬರುತ್ತದೆ.

ನಾಲೆ ನೀರಿನವರ ಕಥೆ ಬೇರೆ. ಮಂಡ್ಯ ಕಡೆ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ ನೀರು ಬಿಟ್ಟಾಗ, ನಮ್ಮ ಸರದಿ ಬಂದ ದಿನ ಕಟ್ಟಿಕೊಳ್ಳದಿದ್ದರೆ ಮುಂದಿನ ಸರದಿ ತನಕ ಗತಿಯಿಲ್ಲ. ಅಂಥವರಿಗೆ ಪೈಪು ನೋಡಿ ಕಾಯಿರಿ ಅಂತ ಹೇಳುವುದು ನ್ಯಾಯವಲ್ಲ. ಅವರಿಗೆ ಪೈಪು ಉಪಯೋಗಕ್ಕೆ ಬರುವುದು ಬೇರೆ ರೀತಿ: ನೀರು ನಿಂತ ಮೇಲೆ ಎಷ್ಟು ದಿನ ಹೆದರದೆ ಇರಬಹುದು ಅಂತ ಗೊತ್ತಾಗುತ್ತದೆ. ನಾಲೆಯ ಕೊನೇ ಭಾಗದ ರೈತರ ವಿಷಯ ಬಂದಾಗ, ಮೇಲಿನವರು ಬೇಡದ ನೀರನ್ನು ಬಿಟ್ಟುಕೊಟ್ಟರೆ ತಾನೇ ಕೆಳಗೆ ಹರಿಯುವುದು? ಇದನ್ನು ಒಬ್ಬೊಬ್ಬ ರೈತ ಮಾಡಲಾಗುವುದಿಲ್ಲ. ನೀರು ಬಳಕೆದಾರರ ಸಂಘದವರು ಸೇರಿ ಕೂತು ಮಾತಾಡಬೇಕು.

ಬೀಜದ ಕೆಲಸವೂ ಇದೇ ದಿಕ್ಕಿನಲ್ಲಿ ನಡೆದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ತಂಡ ಕೆಸರು ಮಾಡದೆ, ರಾಗಿ ಬಿತ್ತಿದ ಹಾಗೆ ಒಣ ನೆಲದಲ್ಲೇ ಬಿತ್ತಿ ಬೆಳೆಯುವ ಏರೋಬಿಕ್ ಭತ್ತದ ತಳಿ ಮಾಡಿತು, ಎಂಎಎಸ್ 946-1, ಶಾರದಾ ಅಂತ ಹೆಸರು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಅಂದರೆ ಕಮಲಾ, ಹೊರಬಂತು. ನಮ್ಮ ತುಂಗಭದ್ರಾ ಕಡೆಯವರು ಬಿಪಿಟಿ ಅನ್ನುತ್ತಾರಲ್ಲ, ಆ ಸಾಂಬಾ ಮಸೂರಿಯದೇ ಒಂದು ಜೀನನ್ನು ತಿದ್ದಿ ಮಾಡಿದ್ದು, ಹೊರಗಿನ ಜೀನ್ ಸೇರಿಸಿಲ್ಲ. ಸುಮಾರು 20 ದಿನ ಬೇಗ ಕೊಯ್ಲಿಗೆ ಬರುತ್ತದೆ, ಇಳುವರಿಯೂ ಜಾಸ್ತಿ ಅನ್ನುತ್ತಾರೆ. ಆ ಲೆಕ್ಕವನ್ನು ಪ್ರಶ್ನೆ ಮಾಡಿದವರೂ ಇದ್ದಾರೆ. ನಮ್ಮ ಮಣ್ಣಿನಲ್ಲಿ ಬೆಳೆದು ನೋಡಿದ ಮೇಲೆ ನಂಬೋಣ. ಆದರೆ 20 ದಿನ ಅಂದರೆ 20 ದಿನದ ನೀರು, ಅದು ಸಣ್ಣ ಮಾತಲ್ಲ.

ಇನ್ನು ಕೋಳಿ. ನಮ್ಮ ಹಿತ್ತಲಲ್ಲಿ ಸ್ವರ್ಣಧಾರಾ ಕೋಳಿಗಳಿವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಗಿರಿರಾಜ ಕೋಳಿ ಆದಮೇಲೆ ಬಂದ ತಳಿ, 2005ರಲ್ಲಿ ಬಿಡುಗಡೆಯಾಗಿದ್ದು, ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ಹೋದ ಬೇಸಿಗೆಯಲ್ಲಿ ಮೊಟ್ಟೆ ಕೈಯಲ್ಲಿ ಹಿಡಿದರೆ ಒಡೆಯುವಷ್ಟು ತೆಳುವಾದವು. ಅಂಗಡಿಯಿಂದ ಟಾನಿಕ್ ತಂದು ನೀರಿಗೆ ಹಾಕಿದೆ, ಏನೂ ಆಗಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಕೋಳಿ ಸತ್ತೇ ಹೋದವು. ಮನೆಯಾಕೆ ಆ ದಿನ ಊಟ ಮಾಡಲಿಲ್ಲ. ಆಮೇಲೆ ಪಶುವೈದ್ಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಕಾಳು ಎಷ್ಟು ಹೊತ್ತಿಗೆ ಹಾಕುತ್ತೀರಿ? ನಾವು ಹಾಕುತ್ತಿದ್ದದ್ದು ಮನೆಗೆಲಸ ಮುಗಿಸಿ, ಹನ್ನೊಂದೂವರೆಗೆ.

ಕೋಳಿಗೆ ಬೆವರುವ ಗ್ರಂಥಿ ಇಲ್ಲ. ಅದರ ಮೈ ಬಿಸಿ ಮೊದಲೇ 41 ಡಿಗ್ರಿ. ಹೊರಗೆ 30 ದಾಟಿದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಾಗೆಯೇ ಮೈ ತಂಪು ಮಾಡಿಕೊಳ್ಳುವುದು. ತಿಂದ ಕಾಳು ಅರಗುವಾಗಲೂ ಒಳಗೆ ಬಿಸಿ ಹುಟ್ಟುತ್ತದೆ, ತಿಂದು ಕೆಲವು ಗಂಟೆ ಕಳೆದ ಮೇಲೆ ಅದು ಏರುತ್ತದೆ. ಹನ್ನೊಂದೂವರೆಗೆ ತಿಂದ ಕೋಳಿಗೆ ಒಳಗಿನ ಬಿಸಿ, ಹೊರಗಿನ ಬಿಸಿಲು ಎರಡೂ ಮೂರು ಗಂಟೆಗೆ ಒಟ್ಟಿಗೇ ಬಂದು ಬಡಿಯುತ್ತವೆ. ಇನ್ನು ಚಿಪ್ಪಿನ ವಿಷಯ. ಏದುಸಿರಿನ ಜೊತೆ ರಕ್ತದಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ಮೊಟ್ಟೆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್ ತಾನೇ, ಆ ಕಾರ್ಬೊನೇಟಿಗೆ ಬೇಕಾದದ್ದೇ ಉಸಿರಲ್ಲಿ ಖಾಲಿಯಾದರೆ ಚಿಪ್ಪು ಗಟ್ಟಿಯಾಗುವುದು ಹೇಗೆ? ನನಗೆ ಇದು ಅರ್ಥವಾದ ದಿನ ಟಾನಿಕ್ ಬಾಟಲಿಯನ್ನು ಮೂಲೆಗಿಟ್ಟೆ.

ಈಗ ಬೇಸಿಗೆಯಲ್ಲಿ ಬೆಳಗಿನ ಐದೂವರೆಗೇ ಕಾಳು ಹಾಕುತ್ತೇವೆ, ಒಂಬತ್ತಕ್ಕೆ ತೆಗೆದುಬಿಡುತ್ತೇವೆ. ಸಂಜೆ ಬಿಸಿಲು ಇಳಿದ ಮೇಲೆ ಮತ್ತೆ. ಸಂಜೆಯ ಕಾಳಿನ ಜೊತೆ ಕಪ್ಪೆಚಿಪ್ಪಿನ ಚೂರು ಬೆರೆಸುತ್ತೇವೆ, ಪುಡಿ ಅಲ್ಲ, ದಪ್ಪ ಚೂರು. ಒಂದು ಮೊಟ್ಟೆಗೆ ಚಿಪ್ಪು ಕೂರಲು ಸುಮಾರು 20 ಗಂಟೆ ಬೇಕು, ಅದರ ಹೆಚ್ಚಿನ ಕೆಲಸ ನಡೆಯುವುದು ರಾತ್ರಿ, ನಾವು ಮಲಗಿರುವಾಗ. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಿ ಆ ಹೊತ್ತಿಗೆ ಕ್ಯಾಲ್ಸಿಯಂ ಒದಗಿಸುತ್ತದೆ.

ನೀರನ್ನು ಮಾತ್ರ ಯಾವ ಹೊತ್ತಲ್ಲೂ ತೆಗೆಯಬೇಡಿ. ಕೋಳಿ ತಿಂದದ್ದರ ಎರಡು ಪಟ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಶೀಟಿನ ಮೇಲಿಟ್ಟ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಸ್ನಾನಕ್ಕಾಗುವಷ್ಟು ಬಿಸಿಯಾಗಿರುತ್ತದೆ, ಬಿಸಿ ನೀರನ್ನು ಕೋಳಿ ಕುಡಿಯುವುದಿಲ್ಲ. ಟ್ಯಾಂಕಿಗೆ ಹಸಿ ಗೋಣಿ ಸುತ್ತಿ, ಪೈಪನ್ನು ನೆರಳಲ್ಲಿ ಎಳೆಯಿರಿ. ಮಧ್ಯಾಹ್ನ ಒಂದು ಸಲ ಹೋಗಿ ಕುಡಿಯುವ ತಟ್ಟೆಯಲ್ಲಿ ಬೆರಳು ಅದ್ದಿ ನೋಡಿ. ಬೆಚ್ಚಗಿದ್ದರೆ ಚೆಲ್ಲಿ, ತಣ್ಣನೆಯ ನೀರು ತುಂಬಿ. ನಮಸ್ಕಾರ.