ಜೀನ್ಸ್ ಸ್ಕರ್ಟ್ ಹೊಲಿಯಲು ಕುಳಿತೆ, ಮೂರು ಮಿಲಿಮೀಟರ್ ಮುಳುಗಿಸಿತು

ನಮಸ್ಕಾರ. ಬಕೆಟ್ಟಿನಲ್ಲಿ ಕಾಣುತ್ತಿರುವ ಈ ನೀಲಿ ನೀರು ಬಟ್ಟೆ ತಾನಾಗಿಯೇ ಬಿಟ್ಟದ್ದು, ನಾನೇನೂ ಬೆರೆಸಿಲ್ಲ. ಹೊಸ ಡೆನಿಮ್ ಅನ್ನು, ಅಂದರೆ ಜೀನ್ಸ್ ಬಟ್ಟೆಯನ್ನು, ಕತ್ತರಿಸುವ ಮೊದಲೇ ಒಗೆದು ಒಣಗಿಸಬೇಕು, ಇಲ್ಲದಿದ್ದರೆ ಹೊಲಿದಾದ ಮೇಲೆ ಕುಗ್ಗಿ ನಿಮ್ಮನ್ನು ಅಳಿಸುತ್ತದೆ. ಎರಡು ಸಲ ಒಗೆದೆ. ಬಕೆಟ್ಟಿಗೆ ಹತ್ತಿದ ನೀಲಿ ಇನ್ನೂ ಹೋಗಿಲ್ಲ, ಅಮ್ಮನ ಕೋಪವೂ ಹೋಗಿಲ್ಲ.

ಬಳ್ಳಾರಿಯಲ್ಲಿ ಕುಳಿತು ಜೀನ್ಸ್ ಹೊಲಿಯುತ್ತೇನೆ ಎಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಜೇಬು ಹೊಲಿಯುತ್ತಾರೆ, ಇನ್ನೊಂದು ಮನೆಯಲ್ಲಿ ಜಿಪ್ ಕೂರಿಸುತ್ತಾರೆ, ಮೂರನೆಯ ಮನೆಯ ಕಟ್ಟೆಯ ಮೇಲೆ ಹೆಚ್ಚುವರಿ ದಾರ ಕತ್ತರಿಸುತ್ತಾರೆ. ಹೀಗಿದ್ದೂ ನಾನು ಎಲ್ಲೋ ದೂರದೇಶದವರ ಪ್ಯಾಟರ್ನ್ ಅನ್ನು, ಅಂದರೆ ಬಟ್ಟೆ ಕತ್ತರಿಸುವ ನಕ್ಷೆಯನ್ನು, ಹನ್ನೆರಡು ಡಾಲರ್ ಕೊಟ್ಟು ತರಿಸಿಕೊಂಡೆ. ಎದುರು ಮನೆಯ ಅಕ್ಕನಿಗೆ ಅದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಕಾಗದಕ್ಕಾ?”

ಕಾಗದಕ್ಕೂ ಅಲ್ಲ ಅಕ್ಕ, ಮುದ್ರಿಸಿಕೊಳ್ಳುವ ಪಿಡಿಎಫ್ ಫೈಲಿಗೆ. ಕಾಗದ ನಮ್ಮದೇ. ಮೂವತ್ತೆರಡು ಹಾಳೆ, ಹಾಳೆಗೆ ಐದು ರೂಪಾಯಿಯಂತೆ ನೂರ ಅರವತ್ತು. ಅದನ್ನೆಲ್ಲ ನೆಲದ ಮೇಲೆ ಹರಡಿ, ಅಂಚು ಕತ್ತರಿಸಿ, ಟೇಪು ಅಂಟಿಸುತ್ತಿರುವುದನ್ನು ನೀವು ನೋಡುತ್ತಿದ್ದೀರಿ. ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ, ಆರಿಸಿದರೆ ನಾನು ಬೇಯುತ್ತೇನೆ. ಏಪ್ರಿಲ್ ತಿಂಗಳ ಬಳ್ಳಾರಿ, ಗೊತ್ತಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಮೊದಲ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕಾಣುತ್ತಿದೆಯೇ? ಅದು ಐದು ಸೆಂಟಿಮೀಟರ್ ಇರಬೇಕು. ಅಳೆದು ನೋಡಿ ಎಂದು ಪ್ಯಾಟರ್ನ್‌ನವರು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಅಳೆದೆ. ನಾಲ್ಕು ಪಾಯಿಂಟ್ ಏಳು. ಆಗ ಕ್ಯಾಮೆರಾ ಎದುರು ನಾನು ಆಡಿದ ಮಾತನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದೇನೆ: “ಮೂರು ಮಿಲಿಮೀಟರ್ ತಾನೇ, ಏನು ಮಹಾ?”

ಏನು ಮಹಾ ಎಂದು ಈಗ ಹೇಳುತ್ತೇನೆ. ಜೆರಾಕ್ಸ್ ಅಂಗಡಿಯ ಹುಡುಗ ಪುಟಕ್ಕೆ ಹೊಂದಿಸಿ ಮುದ್ರಿಸುವ ಆಯ್ಕೆಯನ್ನು ಒತ್ತಿದ್ದ. ಅಸಲಿ ಅಳತೆಯಲ್ಲೇ ಬೇಕೆಂದು ನಾನು ಹೇಳಿದ್ದೆ. ಅವನು ತಲೆಯಾಡಿಸಿದ್ದೂ ನೆನಪಿದೆ. ಒಂದೊಂದು ಹಾಳೆಯೂ ನೂರಕ್ಕೆ ಆರರಷ್ಟು ಸಣ್ಣದಾಯಿತು. ಐದು ಸೆಂಟಿಮೀಟರಿನಲ್ಲಿ ಮೂರು ಮಿಲಿಮೀಟರ್ ಹೋದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಸೀಟಿನ, ಅಂದರೆ ಪೃಷ್ಠದ, ಸುತ್ತಳತೆ ನೂರ ಎರಡು ಸೆಂಟಿಮೀಟರ್ ಬರಬೇಕಿತ್ತು. ಅಲ್ಲಿ ಹೋದದ್ದು ಆರು ಸೆಂಟಿಮೀಟರ್! ಉಳಿದದ್ದು ತೊಂಬತ್ತಾರು. ನನ್ನ ಅಳತೆ ತೊಂಬತ್ತೆಂಟು. ಸೀರೆಯಾಗಿದ್ದರೆ ಸುಧಾರಿಸಬಹುದಿತ್ತು. ಇದು ಮೈಗೆ ಅಂಟಿ ನಿಲ್ಲುವ ಸ್ಕರ್ಟ್, ಅದೂ ಒಂದಿಷ್ಟೂ ಹಿಗ್ಗದ ಹತ್ತಿ ಡೆನಿಮ್.

ಈ ಲೆಕ್ಕವೆಲ್ಲ ನನಗೆ ತಿಳಿದದ್ದು ಎರಡು ದಿನ ಹೊಲಿದ ಮೇಲೆ. ಹಾಗಾಗಿ ಈಗ ಬರುವ ದೃಶ್ಯಗಳಲ್ಲಿ ನಾನು ಬಹಳ ಖುಷಿಯಾಗಿದ್ದೇನೆ, ಮರುಗಬೇಡಿ.

ಕತ್ತರಿಸಿದ್ದು ಕಾಣುತ್ತಿದೆ. ಜೇಬು ಆಯಿತು. ಜೇಬಿನ ಮೂಲೆಗೆ ತಾಮ್ರದ ಗುಬುಟು (ರಿವೆಟ್) ಹೊಡೆಯುತ್ತಾರಲ್ಲ, ಅದನ್ನು ಕಂಡುಹಿಡಿದವನು ಅಮೆರಿಕದ ರೀನೋ ಊರಿನ ಒಬ್ಬ ದರ್ಜಿ, ಜೇಕಬ್ ಡೇವಿಸ್. ಕೂಲಿಗಳ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತಿದ್ದದ್ದು ಕಾರಣ. ಪೇಟೆಂಟಿಗೆ ಹಣವಿಲ್ಲದೆ, ತನಗೆ ಬಟ್ಟೆ ಮಾರುತ್ತಿದ್ದ ಲೆವಿ ಸ್ಟ್ರಾಸ್‌ನನ್ನು ಜೊತೆಗೆ ಸೇರಿಸಿಕೊಂಡ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಹೆಸರು ಉಳಿದದ್ದು ಬಟ್ಟೆ ಮಾರಿದವನದು, ಹೊಲಿದವನದಲ್ಲ. ನಮ್ಮ ಬೀದಿಯಲ್ಲಿ ಯಾರಿಗೆ ಹೇಳಿದರೂ “ಅದರಲ್ಲಿ ಹೊಸದೇನಿದೆ?” ಎನ್ನುತ್ತಾರೆ. ಅಯ್ಯೋ, ಜಿಪ್ ಕೂರಿಸುವುದು ಶುರುವಾಗಿಯೇ ಬಿಟ್ಟಿದೆ.

ಟಕ್! ಕೇಳಿಸಿತೇ? ಹದಿನಾರನೆಯ ನಂಬರಿನ ಸೂಜಿ ಜಿಪ್ಪಿನ ಹಿತ್ತಾಳೆ ಹಲ್ಲಿಗೆ ಬಡಿದು ಎರಡು ತುಂಡಾಯಿತು. ತುದಿ ಎಲ್ಲಿ ಬಿತ್ತೋ, ಅರ್ಧ ಗಂಟೆ ಅಯಸ್ಕಾಂತ ಹಿಡಿದು ಹುಡುಕಿದೆ. ಸೊಂಟದ ಪಟ್ಟಿಗೆ ಹದಿನೆಂಟನೆಯ ನಂಬರ್ ಹಾಕಿದೆ. ಅಲ್ಲಿ ಪದರದ ಮೇಲೆ ಪದರ ಬಂದು ಗಂಟಿನಂತಾಗುತ್ತದೆ, ಮನೆಯ ಹೊಲಿಗೆ ಯಂತ್ರ ಗೊರಗೊರ ಎಂದು ನಿಂತಲ್ಲೇ ನಿಲ್ಲುತ್ತದೆ. ಕುಟ್ಟಾಣಿಯ ಗುಂಡು ಕಾಣುತ್ತಿದೆಯಲ್ಲ, ಅದು ಇದಕ್ಕೇ. ಗಂಟನ್ನು ಚೆನ್ನಾಗಿ ಕುಟ್ಟಿದರೆ ನೂಲು ಚಪ್ಪಟೆಯಾಗಿ ಸೂಜಿ ಇಳಿಯುತ್ತದೆ. ಇನ್ನು ಕಿತ್ತಳೆ ದಾರದ ಜೋಡಿ ಹೊಲಿಗೆ ಬರೀ ಶೋಕಿ, ನನಗೆ ಬೇಡ.

ತೊಟ್ಟುಕೊಂಡ ದೃಶ್ಯ. ತೊಡೆಯವರೆಗೆ ಬಂತು, ಅಲ್ಲಿಂದ ಮೇಲೆ ಬರಲೊಲ್ಲದು. ಮೊದಲು ಬೈದದ್ದು ನನ್ನ ಮೈಯನ್ನು. ಆಮೇಲೆ ಯುಗಾದಿಯ ಹೋಳಿಗೆಯನ್ನು. ಎದುರು ಮನೆಯ ಅಕ್ಕ ಬಂದು, ಸ್ಕರ್ಟ್ ಕಡೆ ನೋಡದೆ ನೆಲದ ಮೇಲಿದ್ದ ಕಾಗದದ ಮೇಲೆ ಅಳತೆ ಟೇಪು ಹಿಡಿದರು. ಚೌಕವನ್ನೂ ಅವರೇ ಹುಡುಕಿದರು, ಇಂಗ್ಲಿಷ್ ಓದಲು ಬಾರದ ಅಕ್ಕ. “ಅಳತೆ ನೋಡದೆ ಕತ್ತರಿ ಹಾಕಿದೆಯಲ್ಲೇ ಹುಡುಗಿ,” ಎಂದರು. ಅಷ್ಟೇ. ನನಗೆ ಅದೇ ಸಾಕಾಯಿತು.

ಈ ಪಿಡಿಎಫ್ ಪ್ಯಾಟರ್ನ್ ಎಂಬುದೇ ದಂಡ, ಹಳೆಯ ದಿನಪತ್ರಿಕೆಯ ಮೇಲೆ ಗೆರೆ ಎಳೆದುಕೊಳ್ಳುವುದೇ ವಾಸಿ ಎಂದು ನಾನು ಆವತ್ತು ಹತ್ತು ನಿಮಿಷ ಭಾಷಣ ಮಾಡಿದ್ದೆ. ಅದನ್ನು ತೆಗೆದುಹಾಕಿದ್ದೇನೆ. ತಪ್ಪು ಪ್ಯಾಟರ್ನಿನದಲ್ಲ, ಅದು ದಪ್ಪಕ್ಷರದಲ್ಲೇ ಹೇಳಿತ್ತು.

ಪರಿಹಾರ ಅಕ್ಕನದೇ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ನಡುವೆ ಒಂದೊಂದು ಉದ್ದ ಪಟ್ಟಿ ಸೇರಿಸುವುದು. ಆರೂವರೆ ಸೆಂಟಿಮೀಟರ್ ಅಗಲ ಕತ್ತರಿಸಿದೆ. ಎರಡೂ ಕಡೆ ಒಂದೊಂದೂವರೆ ಹೊಲಿಗೆಯ ಮಾರ್ಜಿನ್‌ಗೆ ಹೋದರೆ ಮೂರೂವರೆ ಉಳಿಯುತ್ತದೆ. ಪಟ್ಟಿಯನ್ನು ಬಟ್ಟೆಯ ಒಳಮೈ ಹೊರಗೆ ಬರುವಂತೆ ಇಟ್ಟೆ. ಡೆನಿಮ್‌ನಲ್ಲಿ ಉದ್ದದ ನೂಲು ನೀಲಿ, ಅಡ್ಡದ ನೂಲು ಬಿಳಿ, ಆದ್ದರಿಂದ ಒಳಮೈ ಮಾಸಲು ಬಿಳಿ. ನೋಡಿ, ಬೇಕೆಂದೇ ಮಾಡಿದಂತಿದೆ. ಅಂಚಿಗೆ ಕಿತ್ತಳೆ ದಾರದ ಜೋಡಿ ಹೊಲಿಗೆಯನ್ನೂ ಹಾಕಿದೆ. ಹೌದು, ಬೇಡ ಎಂದಿದ್ದೆ. ಈಗ ಬೇಕು.

ಉದ್ದವೂ ಕಡಿಮೆಯಾಗಿದೆ, ಮೊಣಕಾಲು ಕಾಣುತ್ತದೆ, ಅದರ ಬಗ್ಗೆ ಅಮ್ಮನ ಅಭಿಪ್ರಾಯವನ್ನು ನೀವು ಹಿನ್ನೆಲೆಯಲ್ಲಿ ಕೇಳುತ್ತಿದ್ದೀರಿ. ಮೂವತ್ತೆರಡು ಹಾಳೆಗಳ ಆ ಪ್ಯಾಟರ್ನ್ ಈಗ ಅಡುಗೆಮನೆಯ ಡಬ್ಬಿಗಳ ಕೆಳಗಿದೆ, ಅಮ್ಮನೇ ಹಾಸಿದ್ದಾಳೆ.

ಕೊನೆಗೆ ಅಕ್ಕ ಹೇಳಿದ್ದು: “ನಿಂತು ತೋರಿಸಬೇಡ, ಕುಳಿತು ತೋರಿಸು.” ಕುಳಿತೆ. ಜಿಪ್ ನಿಂತಿತು, ಗುಂಡಿಯೂ ನಿಂತಿತು. ಏಳುವಾಗ ಸ್ವಲ್ಪ… ಸರಿ, ಮೊಬೈಲ್ ಚಾರ್ಜ್ ಎರಡಕ್ಕೆ ಬಂದಿದೆ, ಇಡುತ್ತೇನೆ.